ಹಣ್ಣು ಬೀಜಗಳಿಗೆ ‘ಮೀಟ್’ ಅಂತ ಯಾಕೆ ಬರೆದರು? ಹಳೆಯ ಇಂಗ್ಲಿಷ್ ಪದಗಳ ಅರ್ಥ ಬಲ್ಲವರು ತಿಳಿಸಿ

ಕರಾವಳಿ ಓದುಗಿ:
ಎಲ್ಲರಿಗೂ ನಮಸ್ಕಾರ. ನಮ್ಮಜ್ಜ ಮಂಗಳೂರಿನಲ್ಲಿ ಶಾಲಾ ಮಾಸ್ಟ್ರಾಗಿದ್ದವರು. ಅವರು ಬಿಟ್ಟುಹೋದ ಟ್ರಂಕಿನಲ್ಲಿ ಎರಡು ದಪ್ಪ ಪುಸ್ತಕಗಳಿವೆ. ಒಂದು ಕಿಟ್ಟೆಲ್ ನಿಘಂಟು, ಇನ್ನೊಂದು 1611ರ ಅನುವಾದದ ಇಂಗ್ಲಿಷ್ ಬೈಬಲ್. ಒಂಬತ್ತನೇ ಕ್ಲಾಸಿನ ಮಗಳು ರಾತ್ರಿ ಊಟ ಆದಮೇಲೆ ಆ ಬೈಬಲ್ ಓದ್ತಾಳೆ, ನಾನು ಪಕ್ಕದಲ್ಲಿ ಕನ್ನಡದ್ದು ಇಟ್ಟುಕೊಂಡು ಕೂತಿರ್ತೇನೆ.

ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡೆವು. ಆದಿಕಾಂಡ 1:29ರಲ್ಲಿ ದೇವರು ಮನುಷ್ಯರಿಗೆ ಬೀಜ ಬಿಡುವ ಗಿಡಗಳನ್ನೂ ಹಣ್ಣಿನ ಮರಗಳನ್ನೂ ಕೊಡುತ್ತಾನೆ. ಇವು ನಿಮಗೆ ‘ಮೀಟ್’ ಆಗಲಿ ಅಂತ ಇದೆ! ಕನ್ನಡದಲ್ಲಿ ‘ಆಹಾರ’ ಅಂತ ಸರಿಯಾಗಿಯೇ ಇದೆ. ಮಗಳು ಇದು ಅಚ್ಚಿನ ತಪ್ಪು ಅನ್ನುತ್ತಾಳೆ. ಮೊಬೈಲಿನ ಡಿಕ್ಷನರಿ ತೆಗೆದರೆ ಮಾಂಸ ಅಂತಲೇ ಬರುತ್ತದೆ. ಮುಂದೆ ಯೋಸೇಫನ ಕಥೆಯಲ್ಲಿ ಅಣ್ಣಂದಿರು ‘ಕಾರ್ನ್’ ಕೊಳ್ಳಲಿಕ್ಕೆ ಐಗುಪ್ತಕ್ಕೆ ಹೋಗ್ತಾರೆ. ಆ ಕಾಲದಲ್ಲಿ ಅಲ್ಲಿ ಮೆಕ್ಕೆಜೋಳ ಇತ್ತೇ? ತಿಳಿದವರು ದಯವಿಟ್ಟು ಹೇಳಿ. ಮಗಳಿಗೆ ಅರ್ಧಂಬರ್ಧ ಉತ್ತರ ಕೊಡಲು ನನಗೆ ಇಷ್ಟವಿಲ್ಲ.

ನಿವೃತ್ತ ಮೇಷ್ಟ್ರು:
ತಾಯೀ, ಮಗಳಿಗೆ ಹೇಳಿ, ಅಚ್ಚಿನ ತಪ್ಪಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಮೆಟೆ’ ಅಂದರೆ ತಿನ್ನುವಂಥದ್ದು ಏನೇ ಆಗಲಿ, ಆಹಾರ. ರೊಟ್ಟಿಯೂ ಮೆಟೆ, ಹಣ್ಣೂ ಮೆಟೆ. ಪ್ರಾಣಿಯ ಮಾಂಸಕ್ಕೆ ಅವರು ಹೆಚ್ಚಾಗಿ ‘ಫ್ಲೆಶ್’ ಎನ್ನುತ್ತಿದ್ದರು. ಕಾಲ ಕಳೆದಂತೆ ಮೀಟ್ ಪದದ ಹರವು ಕುಗ್ಗಿ ಮಾಂಸಕ್ಕೆ ಬಂದು ನಿಂತಿತು. 1611ರಲ್ಲಿ ಹಳೆಯ ಅರ್ಥ ಇನ್ನೂ ಜೀವಂತವಾಗಿತ್ತು, ಅನುವಾದಕರು ಅದನ್ನೇ ಬಳಸಿದರು.

ಹಳೆಯ ಅರ್ಥದ ಚೂರುಗಳು ಇವತ್ತಿಗೂ ಉಳಿದಿವೆ. ಮಿಠಾಯಿಗೆ ಇಂಗ್ಲಿಷಿನವರು ‘ಸ್ವೀಟ್‌ಮೀಟ್’ ಎನ್ನುತ್ತಾರೆ. ನೀವು ಕರಾವಳಿಯವರು, ತೆಂಗಿನಕಾಯಿಯ ಒಳಗಿನ ಬಿಳಿ ತಿರುಳಿಗೂ ಇಂಗ್ಲಿಷಿನಲ್ಲಿ ‘ಮೀಟ್’ ಎಂಬ ಮಾತಿದೆ. ಮಗಳಿಗೆ ಒಂದು ಕಾಯಿ ಒಡೆದೇ ತೋರಿಸಿ.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ನಾವು ‘ಹಳೆಯ ಇಂಗ್ಲಿಷ್’ ಅಂತ ಸುಮ್ಮನೆ ಹೇಳುವುದು ಬೇರೆ, ಭಾಷಾ ಚರಿತ್ರೆಯಲ್ಲಿ ಹಳೆ ಇಂಗ್ಲಿಷ್ ಎಂದರೆ ಬೇರೆ. ಸುಮಾರು 450ರಿಂದ 1100ರವರೆಗಿನದು ಹಳೆ ಇಂಗ್ಲಿಷ್. 1611ರ ಬೈಬಲ್, ಶೇಕ್ಸ್‌ಪಿಯರ್ ಎಲ್ಲ ಆಧುನಿಕ ಇಂಗ್ಲಿಷಿನ ಆರಂಭದ ಘಟ್ಟ. ನಿಜವಾದ ಹಳೆ ಇಂಗ್ಲಿಷಿನಲ್ಲಿ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಎನ್ನುವುದು ‘ಫ್ಯಾಡರ್ ಊರೆ, ಥೂ ಥೆ ಎಆರ್ಟ್ ಆನ್ ಹೆಓವೊನುಮ್’. ಇಂದಿನ ಇಂಗ್ಲೆಂಡಿನವನಿಗೂ ಇದನ್ನು ಯಾರಾದರೂ ಕಲಿಸಬೇಕು, ನಮಗೆ ಹಲ್ಮಿಡಿ ಶಾಸನವನ್ನು ಕಲಿಸಬೇಕಾದ ಹಾಗೆ.

ಧಾರವಾಡ ಕಡೆಯವ:
ಅಕ್ಕಾರ, ‘ಕಾರ್ನ್’ ಬಗ್ಗೆ ನಾ ಹೇಳ್ತೀನ್ರಿ. ಮೆಕ್ಕೆಜೋಳ ಅಮೆರಿಕಾದ ಬೆಳಿ. 1492ರಾಗ ಕೊಲಂಬಸ್ ಅತ್ಲಾಗ ಹೋಗಿ ಬಂದ ಮ್ಯಾಲೇ ಅದು ಈ ಕಡೆ ಬಂದದ್ದು. ಅಂದ ಮ್ಯಾಲೆ ಯೋಸೇಫನ ಕಾಲಕ್ಕ ಐಗುಪ್ತದಾಗ ಇರಾಕ ಸಾಧ್ಯನ ಇಲ್ಲ. ಇಂಗ್ಲಿಷಿನ ಕಾರ್ನ್ ಅಂದ್ರ ಮೊದಲು ಕಾಳು, ಧಾನ್ಯ, ಅಷ್ಟ. ಪುಟ್ಟದೊಂದು ಕಾಳಿನಂಗ ಇದ್ರ ಅದೂ ಕಾರ್ನ್. ಮೆಣಸಿನ ಕಾಳಿಗೆ ‘ಪೆಪ್ಪರ್‌ಕಾರ್ನ್’ ಅಂತಾರಲ್ರಿ, ಹಂಗ. ಉಪ್ಪಿನ ಹರಳು ಹಾಕಿ ಇಟ್ಟ ದನದ ಮಾಂಸಕ್ಕ ‘ಕಾರ್ನ್ಡ್ ಬೀಫ್’ ಅಂತ ಹೆಸರು ಬಂದದ್ದೂ ಅದಕ್ಕ. ಜೋಳ ಹಾಕಿರಂಗಿಲ್ಲ ಅದರಾಗ.

ಇಂಗ್ಲೆಂಡಿನಾಗ ಕಾರ್ನ್ ಅಂದ್ರ ಗೋದಿ, ಸ್ಕಾಟ್ಲೆಂಡಿನಾಗ ಓಟ್ಸ್, ಅಮೆರಿಕಾದಾಗ ಮೆಕ್ಕೆಜೋಳ. ಯಾವ ಊರಾಗ ಯಾವ ಬೆಳಿ ಹೆಚ್ಚೋ ಅದಕ್ಕ ಆ ಹೆಸರು. ನಮ್ಮಲ್ಲೂ ಇದ ಕಥಿ ಐತಿ ನೋಡ್ರಿ. ನಮ್ಮ ಮನ್ಯಾಗ ಜೋಳ ಅಂದ್ರ ರೊಟ್ಟಿ ಬಡಿಯೋ ಬಿಳಿಜೋಳ. ಮೆಕ್ಕೆಜೋಳಕ್ಕ ನಾವು ಗೋವಿನಜೋಳ ಅಂತೀವಿ. ಮೈಸೂರು ಕಡೆ ಕೆಲಸಕ್ಕ ಹೋದಾಗ ಸಂತ್ಯಾಗ ಜೋಳ ಕೇಳಿದ್ರ ಅಂಗಡಿಯಾಂವ ಮುಸುಕಿನ ಜೋಳದ ತೆನಿ ಕೊಟ್ಟ. ಇಬ್ಬರೂ ಕನ್ನಡದವರ, ಇಬ್ಬರ ಮಾತೂ ಖರೇನ.

ಸ್ಟುಟ್‌ಗಾರ್ಟ್ ಕನ್ನಡಿಗ:
ನಾನು ಕೆಲಸದ ಮೇಲೆ ಜರ್ಮನಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿನ ಭಾಷೆ ಕಲಿಯುವಾಗಲೇ ನನಗೆ ಹಳೆ ಇಂಗ್ಲಿಷ್ ಅರ್ಥವಾಗತೊಡಗಿದ್ದು. ಇವೆರಡೂ ಒಂದೇ ಮನೆಯಿಂದ ಬೇರೆ ಹೋದ ಅಕ್ಕ ತಂಗಿಯರು. ತಂಗಿ ಮರೆತದ್ದನ್ನು ಅಕ್ಕ ಇನ್ನೂ ಇಟ್ಟುಕೊಂಡಿದ್ದಾಳೆ.

‘ಡಿಯರ್’ ಅಂದರೆ ಈಗ ಜಿಂಕೆ. ಹಳೆ ಇಂಗ್ಲಿಷಿನ ‘ಡೇಓರ್’ ಅಂದರೆ ಯಾವುದೇ ಪ್ರಾಣಿ. ಜರ್ಮನ್‌ನಲ್ಲಿ ಇಂದಿಗೂ ‘ಟೀರ್’ ಎಂದರೆ ಪ್ರಾಣಿಯೇ. ‘ಸ್ಟಾರ್ವ್’ ಎಂದರೆ ಇಂಗ್ಲಿಷಿನಲ್ಲಿ ಹಸಿವಿನಿಂದ ನರಳುವುದು. ಹಳೆ ಇಂಗ್ಲಿಷಿನಲ್ಲಿ ಬರೀ ಸಾಯುವುದು, ಯಾವ ಕಾರಣಕ್ಕಾದರೂ ಸರಿ. ಜರ್ಮನ್‌ನ ‘ಶ್ಟೆರ್ಬನ್’ ಈಗಲೂ ಅದೇ ಅರ್ಥದಲ್ಲಿದೆ. ‘ನೇವ್’ ಅಂದರೆ ಇಂಗ್ಲಿಷಿನಲ್ಲಿ ಠಕ್ಕ. ಮೊದಲು ಅದಕ್ಕೆ ಹುಡುಗ ಎಂಬುದಷ್ಟೇ ಅರ್ಥ. ಆಮೇಲೆ ಆಳು ಹುಡುಗ ಆಯಿತು, ಆಮೇಲೆ ಠಕ್ಕ. ಜರ್ಮನ್‌ನ ‘ಕ್ನಾಬೆ’ ಹುಡುಗನಾಗಿಯೇ ಉಳಿದಿದ್ದಾನೆ. ಆಳಿನ ಹೆಸರು ಮೋಸಗಾರನ ಹೆಸರಾಗಬೇಕಾದರೆ ಆ ಕಾಲದ ಒಡೆಯರು ಆಳುಗಳನ್ನು ಹೇಗೆ ನೋಡುತ್ತಿದ್ದಿರಬೇಕು ಎಂದು ಯೋಚಿಸಿ ನನಗೆ ಸಂಕಟವಾಗುತ್ತದೆ.

ಇಲ್ಲಿ ಪ್ರಾಣಿಸಂಗ್ರಹಾಲಯಕ್ಕೆ ‘ಟೀರ್‌ಗಾರ್ಟನ್’ ಎಂಬ ಪದವೂ ಉಂಟು. ಪ್ರಾಣಿಗಳ ತೋಟ ಅಂತ.

ಹಳಗನ್ನಡ ವಿದ್ಯಾರ್ಥಿನಿ:
ಸ್ಟುಟ್‌ಗಾರ್ಟ್ ಅಣ್ಣ, ನಿಮ್ಮ ‘ಡಿಯರ್’ ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ! ನಮ್ಮ ‘ಮೃಗ’ದ ಕಥೆಯೂ ಅದೇ ಅಲ್ಲವೇ? ಮೃಗ ಅಂದರೆ ಕಾಡುಪ್ರಾಣಿಯೂ ಹೌದು, ಜಿಂಕೆಯೂ ಹೌದು. ಮೃಗರಾಜ ಎಂದರೆ ಸಿಂಹ, ಜಿಂಕೆಗಳ ರಾಜ ಅಲ್ಲ. ಮೃಗಶಿರ ನಕ್ಷತ್ರದ ಹೆಸರಿನಲ್ಲಿ ಇರುವುದು ಜಿಂಕೆಯ ತಲೆ. ಮೈಸೂರಿನ ಮೃಗಾಲಯ ಎಲ್ಲ ಪ್ರಾಣಿಗಳ ಮನೆ, ನಿಮ್ಮ ಟೀರ್‌ಗಾರ್ಟನ್ ಇದ್ದ ಹಾಗೆ. ಬೇಟೆಗೆ ಹೋದವನ ಕಣ್ಣಿಗೆ ಮುಖ್ಯವಾದ ಪ್ರಾಣಿ ಜಿಂಕೆ. ಹಾಗಾಗಿ ಎಲ್ಲ ಪ್ರಾಣಿಗಳ ಹೆಸರು ಅದೊಂದಕ್ಕೇ ಅಂಟಿಕೊಂಡಿರಬೇಕು. ಒಬ್ಬರನ್ನೊಬ್ಬರು ಕಾಣದ ಜನ ಒಂದೇ ದಾರಿಯಲ್ಲಿ ನಡೆದಿದ್ದಾರೆ.

ಇನ್ನೊಂದು. ಇಂಗ್ಲಿಷಿನ ‘ಸ್ಟಿಂಕ್’ ಅಂದರೆ ಈಗ ಗಬ್ಬು ನಾರುವುದು. ಹಳೆ ಇಂಗ್ಲಿಷಿನಲ್ಲಿ ‘ಸ್ಟಿಂಕನ್’ ಎಂದರೆ ವಾಸನೆ ಬೀರುವುದು, ಅಷ್ಟೇ. ಹೂವು ಕೂಡ ಸಿಹಿಯಾಗಿ ‘ಸ್ಟಿಂಕ್’ ಆಗುತ್ತಿತ್ತು. ಈಗ ನಮ್ಮ ‘ನಾರು’ ತೆಗೆದುಕೊಳ್ಳಿ. ‘ನರುಗಂಪು’ ಅನ್ನುವಾಗ ಅದೇ ಬೇರು ಪರಿಮಳ. ‘ನಾರುತ್ತಿದೆ’, ‘ನಾತ’ ಅಂದರೆ ಮೂಗು ಮುಚ್ಚಬೇಕು. ತಮಿಳಿನ ‘ನಾಟ್ರಂ’ ಹಳೆಯ ಕಾವ್ಯದಲ್ಲಿ ಸುಗಂಧ, ಇಂದಿನ ಬೀದಿಯಲ್ಲಿ ದುರ್ಗಂಧ. ಈಗ ‘ವಾಸನೆ’ಯ ಸರದಿ ಬಂದ ಹಾಗಿದೆ. ‘ಏನೋ ವಾಸನೆ ಬರ್ತಿದೆ’ ಅಂದರೆ ನಮ್ಮ ಹಾಸ್ಟೆಲಿನಲ್ಲಿ ಯಾರೂ ಮಲ್ಲಿಗೆ ಹುಡುಕುವುದಿಲ್ಲ, ಕಸದ ಬುಟ್ಟಿ ನೋಡುತ್ತಾರೆ.

ಕರಾವಳಿ ಓದುಗಿ:
ಇಷ್ಟೊಂದು ಸಿಗುತ್ತದೆ ಅಂತ ಎಣಿಸಿರಲಿಲ್ಲ. ಮಗಳು ಕಾಯಿ ಒಡೆಯುವ ಮೊದಲೇ ಒಪ್ಪಿದಳು. ಅಚ್ಚಿನ ತಪ್ಪು ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದಾಳೆ. ಅವಳ ಹೊಸ ಪ್ರಶ್ನೆ: ಬೈಬಲಿನಲ್ಲಿ ಪುಟಪುಟಕ್ಕೂ ‘ಲಾರ್ಡ್’ ಬರುತ್ತದೆ, ಆ ಪದ ಎಲ್ಲಿಂದ ಬಂತು?

ನಿವೃತ್ತ ಮೇಷ್ಟ್ರು:
ಒಳ್ಳೆಯ ಪ್ರಶ್ನೆ, ಮಗೂ. ನನಗೆ ಅತ್ಯಂತ ಪ್ರಿಯವಾದ ಪದವನ್ನೇ ಕೇಳಿದ್ದೀಯ. ‘ಲಾರ್ಡ್’ ಒಳಗೆ ಒಂದು ರೊಟ್ಟಿ ಅಡಗಿದೆ. ಹಳೆ ಇಂಗ್ಲಿಷಿನಲ್ಲಿ ಅದು ‘ಹ್ಲಾಫ್‌ವೆಆರ್ಡ್’. ಹ್ಲಾಫ್ ಅಂದರೆ ರೊಟ್ಟಿ, ಇಂದಿನ ‘ಲೋಫ್’. ವೆಆರ್ಡ್ ಅಂದರೆ ಕಾಯುವವನು, ಇಂದಿನ ‘ವಾರ್ಡ್’. ರೊಟ್ಟಿ ಕಾಯುವವನೇ ಒಡೆಯ. ‘ಲೇಡಿ’ ಎಂದರೆ ‘ಹ್ಲ್ಯಾಫ್‌ಡಿಯೆ’, ರೊಟ್ಟಿಯ ಹಿಟ್ಟು ನಾದುವವಳು. ‘ಡೋ’ ಅಂದರೆ ಕಲಸಿದ ಹಿಟ್ಟು, ಅದೂ ಇದರ ನಂಟೇ. ಒಡೆಯನ ರೊಟ್ಟಿ ತಿನ್ನುವ ಆಳಿಗೂ ಒಂದು ಪದ ಇತ್ತು, ‘ಹ್ಲಾಫ್‌ಆಟ’, ರೊಟ್ಟಿ ತಿನ್ನುವವನು. ಅದು ಸತ್ತುಹೋಯಿತು. ಒಂದು ಮನೆ, ಒಂದು ಒಲೆ, ಅದರ ಸುತ್ತ ಮೂರು ಜನ, ಮೂವರ ಹೆಸರಿನಲ್ಲೂ ರೊಟ್ಟಿ.

ನಮ್ಮ ತಂದೆ ಊರಿನ ಧಣಿಗಳನ್ನು ‘ಅನ್ನ ಕೊಟ್ಟವರು’ ಎನ್ನುತ್ತಿದ್ದರು. ಉಪ್ಪು ತಿಂದ ಮನೆ ಎನ್ನುತ್ತೇವೆ. ಮೊದಲ ಸಲ ಈ ಪದಮೂಲ ಓದಿದ ದಿನ ನನಗೆ ಅವರ ದನಿಯೇ ಕೇಳಿಸಿತ್ತು.

ಧಾರವಾಡ ಕಡೆಯವ:
ಮೇಷ್ಟ್ರ, ಇದನ್ನ ಒಪ್ತೀನಿ, ಆದ್ರ ಒಂದು ಮಾತು. ರೊಟ್ಟಿ ಕಾಯೋವನ ಹೆಸರು ದೇವರಿಗೂ ಬಂತು, ಅರಸರಿಗೂ ಬಂತು. ಹೊಲ ಉತ್ತು ಗೋದಿ ಬೆಳದಾಂವನ ಹೆಸರು ಎಲ್ಲೆದ? ನಮ್ಮಲ್ಲಿ ರೈತಗ ಅನ್ನದಾತ ಅಂತೀವಿ. ಅದು ಹೆಚ್ಚು ನ್ಯಾಯದ ಮಾತು.

ಹಳಗನ್ನಡ ವಿದ್ಯಾರ್ಥಿನಿ:
ಕಾಕಾ, ಈ ಮಾತು ಬರೆದಿಟ್ಟುಕೊಂಡೆ.

ಸಂಪತ್ತಿನ ಪದಗಳಲ್ಲಿ ಹೊಲ ಕೊಟ್ಟಿಗೆ ಕಾಣಿಸುತ್ತದೆ. ಈಗ ಕಾಲೇಜಿಗೆ ನಾವು ಕಟ್ಟುವ ‘ಫೀ’ ಇದೆಯಲ್ಲ, ಅದರ ದಾರಿ ಸ್ವಲ್ಪ ಸುತ್ತು, ಫ್ರೆಂಚಿನ ಮೂಲಕ ಬಂದದ್ದು. ಆದರೆ ಅದರ ಹಿಂದಿರುವ ಜರ್ಮನಿಕ್ ಪದಕ್ಕೆ ದನ ಎಂಬ ಅರ್ಥವಿತ್ತು. ಹಳೆ ಇಂಗ್ಲಿಷಿನ ‘ಫೆಓಹ್’ ದನವೂ ಹೌದು, ಸಂಪತ್ತೂ ಹೌದು. ತಮಿಳಿನ ‘ಮಾಡು’ ಅಂದರೂ ದನ ಮತ್ತು ಸಂಪತ್ತು. ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವರ ವೀರಗಲ್ಲುಗಳು ನಮ್ಮ ಊರೂರಿನಲ್ಲಿ ನಿಂತಿವೆ. ಬ್ಯಾಂಕ್ ಇಲ್ಲದ ಕಾಲದಲ್ಲಿ ಕೊಟ್ಟಿಗೆಯೇ ಬ್ಯಾಂಕ್.

‘ಟೌನ್’ ಕೂಡ ಹಾಗೆಯೇ. ‘ಟೂನ್’ ಅಂದರೆ ಮೊದಲು ಬೇಲಿ ಹಾಕಿದ ಜಾಗ. ಆಮೇಲೆ ಅದರೊಳಗಿನ ಮನೆಗಳು, ಆಮೇಲೆ ಊರು. ನಮ್ಮ ‘ಹಟ್ಟಿ’ಯೂ ಕೆಲವೆಡೆ ದನದ ಕೊಟ್ಟಿಗೆ, ಚಿತ್ರದುರ್ಗದ ಕಡೆ ಜನ ಬಾಳುವ ಊರು.

ಸ್ಟುಟ್‌ಗಾರ್ಟ್ ಕನ್ನಡಿಗ:
ತಂಗೀ, ಜರ್ಮನ್‌ನಲ್ಲಿ ‘ತ್ಸೌನ್’ ಅಂದರೆ ಇಂದಿಗೂ ಬೇಲಿ. ‘ಫೀ’ ಅಂದರೆ ದನಕರು. ನನ್ನ ಮನೆಯ ಹಿಂದೆಯೇ ಎರಡೂ ಇವೆ.

ಬೆಂಗಳೂರು ಹುಡುಗ:
ನನ್ನದೂ ಒಂದು ಸೇರಿಸ್ತೀನಿ. ‘ಪಾಶ್’ ಅನ್ನೋ ಪದ ಬಂದಿದ್ದೇ ಇಂಡಿಯಾಗೆ ಬರ್ತಿದ್ದ ಹಡಗಿಂದ. ಬರುವಾಗ ಎಡಗಡೆ, ಹೋಗುವಾಗ ಬಲಗಡೆ ಕ್ಯಾಬಿನ್ ತಗೊಂಡ್ರೆ ಬಿಸಿಲು ಬೀಳಲ್ಲ. ದುಡ್ಡಿದ್ದವರ ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅಂತ ನಾಲ್ಕು ಅಕ್ಷರ ಹೊಡೀತಿದ್ರಂತೆ.

ನಿವೃತ್ತ ಮೇಷ್ಟ್ರು:
ತಮ್ಮಾ, ಕಥೆ ಚೆನ್ನಾಗಿದೆ, ನಾನೂ ಒಂದು ಕಾಲದಲ್ಲಿ ತರಗತಿಯಲ್ಲಿ ಹೇಳಿದ್ದುಂಟು. ಆಮೇಲೆ ತಿಳಿಯಿತು, ಆ ಅಕ್ಷರ ಹೊಡೆದ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ಪದದ ಹಿಂದೆ ಇಷ್ಟು ಅಚ್ಚುಕಟ್ಟಾದ ಕಥೆ ಇದ್ದರೆ ಮೊದಲು ದಾಖಲೆ ಕೇಳಬೇಕು. ಅಕ್ಷರಗಳನ್ನು ಜೋಡಿಸಿ ಪದ ಮಾಡುವ ರೂಢಿ ಹೆಚ್ಚಾಗಿ 20ನೇ ಶತಮಾನದ್ದು. ಅದಕ್ಕಿಂತ ಹಳೆಯ ಪದಕ್ಕೆ ಅಂಥ ವಿವರಣೆ ಕೊಟ್ಟರೆ ಬಹುತೇಕ ಕಟ್ಟುಕಥೆ.

ನಿನ್ನ ಊರಿನದೇ ಉದಾಹರಣೆ ಇದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಅನ್ನುತ್ತಾರಲ್ಲ. ಬಲ್ಲಾಳ 12ನೇ ಶತಮಾನದವನು. ಬೇಗೂರಿನ ಗುಡಿಯಲ್ಲಿರುವ ಸುಮಾರು 890ರ ವೀರಗಲ್ಲಿನಲ್ಲೇ ‘ಬೆಂಗಳೂರು ಕಾಳಗ’ದ ಮಾತಿದೆ. ಅವನು ಹುಟ್ಟುವ ಮುನ್ನವೇ ಊರಿಗೆ ಹೆಸರಿತ್ತು.

ಬೆಂಗಳೂರು ಹುಡುಗ:
ಸರ್, ಬೇಗೂರು ನಮ್ಮ ಮನೆಯಿಂದ ಐದೇ ಕಿಲೋಮೀಟರ್. ಈ ಭಾನುವಾರವೇ ಹೋಗಿ ನೋಡ್ತೀನಿ.

ಮೂಲಾರ್ಥವಾದಿ:
ಇಷ್ಟು ಹೊತ್ತು ಓದುತ್ತಿದ್ದೆ. ಒಂದು ತೀರ್ಮಾನಕ್ಕೆ ಬನ್ನಿ. ಮೂಲದಲ್ಲಿ ಇದ್ದ ಅರ್ಥವೇ ನಿಜವಾದ ಅರ್ಥ. ‘ಆಫುಲ್’ ಅಂದರೆ ಭಯಭಕ್ತಿ ಹುಟ್ಟಿಸುವಂಥದ್ದು. ಅದನ್ನು ‘ತೀರಾ ಕೆಟ್ಟದ್ದು’ ಅಂತ ಬಳಸುವುದು ಅಜ್ಞಾನ. ಮಕ್ಕಳಿಗೆ ಶುದ್ಧ ಅರ್ಥವನ್ನೇ ಕಲಿಸಬೇಕು.

ನಿವೃತ್ತ ಮೇಷ್ಟ್ರು:
ಸ್ವಾಮಿ, ಇದನ್ನು ನಾನು ಒಪ್ಪಲಾರೆ, ಕಾರಣ ಹೇಳುತ್ತೇನೆ. ‘ನೈಸ್’ ತೆಗೆದುಕೊಳ್ಳಿ. ಅದರ ಲ್ಯಾಟಿನ್ ಮೂಲ ‘ನೆಸ್ಕಿಯುಸ್’, ಏನೂ ಅರಿಯದವನು. ಸುಮಾರು 1300ರಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ. ಆಮೇಲೆ ಅತಿ ನಾಜೂಕಿನವನು, ಆಮೇಲೆ ಸೂಕ್ಷ್ಮ, ಕೊನೆಗೆ 18ನೇ ಶತಮಾನದಲ್ಲಿ ಹಿತವಾದದ್ದು. ನಿಮ್ಮ ನಿಯಮ ಹಿಡಿದರೆ ‘ನೈಸ್ ಮನುಷ್ಯ’ ಎಂದವನು ಬೈದ ಹಾಗೆ.

ಅದರ ಎದುರು ದಿಕ್ಕಿನಲ್ಲಿ ನಡೆದದ್ದು ‘ಸಿಲ್ಲಿ’. ಹಳೆ ಇಂಗ್ಲಿಷಿನ ‘ಯೆಸ್ಯಾಲಿ’ ಎಂದರೆ ಸುಖಿ, ಧನ್ಯ. ಧನ್ಯನು ಮುಗ್ಧನಾದ, ಮುಗ್ಧನು ಅಯ್ಯೋ ಪಾಪ ಎನಿಸುವವನಾದ, ಪಾಪದವನು ದುರ್ಬಲನಾದ, ಕೊನೆಗೆ ಪೆದ್ದನಾದ. ಒಂದೊಂದು ಹೆಜ್ಜೆಯೂ ಸಣ್ಣದು. ಯಾರೂ ಒಂದು ದಿನ ಕೂತು ಅರ್ಥ ಕೆಡಿಸಲಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:
ಜರ್ಮನ್‌ನಲ್ಲಿ ‘ಜೇಲಿಗ್’ ಇಂದಿಗೂ ಧನ್ಯ. ಚರ್ಚಿನಲ್ಲಿ ಕೇಳಿಸುತ್ತದೆ. ಅದರ ಒಡಹುಟ್ಟಿದ ‘ಸಿಲ್ಲಿ’ ನೆನಪಾಗುತ್ತದೆ.

ಹಳಗನ್ನಡ ವಿದ್ಯಾರ್ಥಿನಿ:
ಮೇಷ್ಟ್ರೇ, ‘ಮುಗ್ಧ’ ಅಂದಿರಲ್ಲ, ಅದೇ ನಮ್ಮ ‘ನೈಸ್’. ಸಂಸ್ಕೃತದಲ್ಲಿ ಮುಗ್ಧ, ಮೂಢ ಎರಡೂ ‘ಮುಹ್’ ಧಾತುವಿನಿಂದ ಬಂದವು. ದಾರಿ ತಪ್ಪು, ಗೊಂದಲಗೊಳ್ಳು ಎಂಬುದು ಧಾತುವಿನ ಅರ್ಥ. ಒಂದೇ ಬಸುರಿನ ಎರಡು ಮಕ್ಕಳಲ್ಲಿ ಒಬ್ಬನನ್ನು ದಡ್ಡನೆಂದು ಬೈಯುತ್ತೇವೆ, ಇನ್ನೊಬ್ಬನ ನಗುವನ್ನು ಮೆಚ್ಚುತ್ತೇವೆ. ‘ಸಾಹಸ’ಕ್ಕೆ ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧ ಎಂಬ ಅರ್ಥ. ಇವತ್ತು ಸಾಹಸಕ್ಕೆ ನಾವು ಪ್ರಶಸ್ತಿ ಕೊಡುತ್ತೇವೆ. ಮೂಲಾರ್ಥವೇ ಸರಿ ಎಂದರೆ ಆ ಮಕ್ಕಳಿಗೆ ಏನು ಹೇಳುವುದು?

ಮೂಲಾರ್ಥವಾದಿ:
‘ಸಾಹಸ’ದ ವಿಷಯ ನನಗೆ ಗೊತ್ತಿರಲಿಲ್ಲ. ಸರಿ, ಇಂದಿನ ಮಾತಿಗೆ ಇಂದಿನ ಅರ್ಥ, ಒಪ್ಪುತ್ತೇನೆ. ಆದರೆ ಹಳೆಯ ಪುಸ್ತಕ ಓದುವಾಗ ಹಳೆಯ ಅರ್ಥವೇ ಬೇಕು ಎಂಬ ನನ್ನ ಹಟ ಬಿಡುವುದಿಲ್ಲ.

ನಿವೃತ್ತ ಮೇಷ್ಟ್ರು:
ಆ ಹಟದಲ್ಲಿ ನಾನೂ ನಿಮ್ಮ ಜೊತೆ. ಈ ತಾಯಿ ಕೇಳಿದ ಪ್ರಶ್ನೆಯೇ ಅದು.

ಇನ್ನೊಂದು ಸಂಗತಿ ಹೇಳುವ ಆಸೆ. ಇಂಗ್ಲೆಂಡಿನಲ್ಲಿ ಆಲ್‌ಫ್ರೆಡ್ ದೊರೆ 871ರಿಂದ 899ರವರೆಗೆ ಆಳಿದ. ನಮ್ಮ ಅಮೋಘವರ್ಷ ನೃಪತುಂಗ 814ರಿಂದ 878. ಕೆಲವು ವರ್ಷ ಇಬ್ಬರೂ ಸಿಂಹಾಸನದಲ್ಲಿದ್ದರು. ಆಲ್‌ಫ್ರೆಡ್ ತನ್ನ ಅನುವಾದವೊಂದರ ಮುನ್ನುಡಿಯಲ್ಲಿ, ಹಂಬರ್ ನದಿಯ ಈಚೆಗೆ ಲ್ಯಾಟಿನ್ ಪತ್ರವೊಂದನ್ನು ಇಂಗ್ಲಿಷಿಗೆ ತರಬಲ್ಲವರು ಬಹಳ ಕಡಿಮೆ ಎಂದು ಕೊರಗಿದ್ದಾನೆ. ಅದಕ್ಕೇ ಜನರ ನುಡಿಗೆ ಪುಸ್ತಕಗಳನ್ನು ತಂದ. ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿವರೆಗಿನ ನಾಡು ಕನ್ನಡದ್ದು ಎಂದಿತು. ಇಬ್ಬರೂ ತಮ್ಮ ನುಡಿಯ ಮಾತಾಡುವಾಗ ನದಿಯನ್ನೇ ಹೆಸರಿಸಿದರು. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೆಂಗಳೂರು ಹುಡುಗ:
ಸರ್, ಒಂದೇ ಕಾಲದಲ್ಲೂ ಪದ ಅರ್ಥ ಆಗದೆ ಜಗಳ ಆಗಿದ್ದುಂಟಾ? ಜೋಳದ ಹಾಗೆ?

ನಿವೃತ್ತ ಮೇಷ್ಟ್ರು:
ಉಂಟು. ಇಂಗ್ಲೆಂಡಿನಲ್ಲಿ ಮೊದಲು ಮುದ್ರಣಾಲಯ ಇಟ್ಟ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪುಸ್ತಕದ ಮುನ್ನುಡಿಯಲ್ಲಿ ಬರೆದದ್ದು. ಥೇಮ್ಸ್ ನದಿಯಲ್ಲಿ ಹಡಗು ಹತ್ತಿದ ವರ್ತಕರು ಗಾಳಿ ಇಲ್ಲದೆ ದಡಕ್ಕೆ ಇಳಿದರು. ಒಬ್ಬ ಒಂದು ಮನೆಗೆ ಹೋಗಿ ‘ಮೆಟೆ’ ಕೇಳಿದ, ಅದರಲ್ಲೂ ‘ಎಗ್’ ಬೇಕೆಂದ. ಮನೆಯಾಕೆ ನನಗೆ ಫ್ರೆಂಚ್ ಬರುವುದಿಲ್ಲ ಎಂದಳು! ಅವನಿಗೆ ಸಿಟ್ಟು, ಫ್ರೆಂಚ್ ಅವನಿಗೂ ಬಾರದು. ಕೊನೆಗೆ ಇನ್ನೊಬ್ಬ ‘ಐರನ್’ ಎಂದ, ಆಕೆಗೆ ತಿಳಿಯಿತು. ಮೊಟ್ಟೆಗೆ ಐರನ್ ಎಂಬುದು ಹಳೆ ಇಂಗ್ಲಿಷಿನ ಸ್ವಂತ ಪದ. ಎಗ್ ಬಂದದ್ದು ಉತ್ತರಕ್ಕೆ ಬಂದು ನೆಲಸಿದ ವೈಕಿಂಗರ ನುಡಿಯಿಂದ. ಹೊರಗಿನಿಂದ ಬಂದದ್ದೇ ಗೆದ್ದಿತು. ‘ವಿಂಡೋ’ ಕೂಡ ಅವರದೇ, ಗಾಳಿಯ ಕಣ್ಣು ಎಂದು ಅರ್ಥ.

ಹಳಗನ್ನಡ ವಿದ್ಯಾರ್ಥಿನಿ:
ಗವಾಕ್ಷಿ! ಗೋವಿನ ಕಣ್ಣು.

ಕರಾವಳಿ ಓದುಗಿ:
ಕ್ಯಾಕ್ಸ್‌ಟನ್ ಕಥೆಯಲ್ಲೂ ನಮ್ಮ ಮೀಟ್ ಬಂತಲ್ಲ, ಮಗಳಿಗೆ ಅದೇ ಖುಷಿ. ಈಗ ಇನ್ನೊಂದು ತಂದಿದ್ದಾಳೆ. ರೋಮನರಿಗೆ 1:13. ಪೌಲ ನಿಮ್ಮ ಬಳಿ ಬರಬೇಕೆಂದಿದ್ದೆ, ಆದರೆ ಇದುವರೆಗೆ ‘ಲೆಟ್’ ಆದೆ ಎನ್ನುತ್ತಾನೆ. ಬಿಟ್ಟರೆ ಬರಬೇಕಿತ್ತಲ್ಲ?

ನಿವೃತ್ತ ಮೇಷ್ಟ್ರು:
ಇಲ್ಲಿ ಎರಡು ಪದ ಒಂದೇ ವೇಷದಲ್ಲಿವೆ. ಹಳೆ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಎಂದರೆ ಬಿಡು, ‘ಲೆಟ್ಟನ್’ ಎಂದರೆ ತಡೆ. ಉಚ್ಚಾರ ಸವೆದು ಎರಡೂ ‘ಲೆಟ್’ ಆದವು. ತಡೆ ಎನ್ನುವ ಲೆಟ್ ಬಹುಮಟ್ಟಿಗೆ ಮರೆಯಾಯಿತು. ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿದರೆ ‘ಲೆಟ್’ ಎನ್ನುತ್ತಾರಲ್ಲ, ಅಲ್ಲಿ ಈ ಪದವೇ ಉಳಿದಿದೆ ಎನ್ನುತ್ತಾರೆ. ಆದರೆ ಖಚಿತವಾಗಿ ನೋಡಬೇಕಾದರೆ ನಿಮ್ಮ ಪಾಸ್‌ಪೋರ್ಟ್ ತೆರೆಯಿರಿ. ರಾಷ್ಟ್ರಪತಿಗಳ ಹೆಸರಿನಲ್ಲಿ ಇರುವ ಇಂಗ್ಲಿಷ್ ವಾಕ್ಯ ಓದಿ.

ಸ್ಟುಟ್‌ಗಾರ್ಟ್ ಕನ್ನಡಿಗ:
ಈಗಷ್ಟೇ ಕಪಾಟಿನಿಂದ ತೆಗೆದು ನೋಡಿದೆ. ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’. ಯಾವ ತಡೆಯೂ ಅಡ್ಡಿಯೂ ಇಲ್ಲದೆ ಇವರನ್ನು ಹೋಗಗೊಡಿ! ಹನ್ನೊಂದು ವರ್ಷದಿಂದ ಎಷ್ಟು ವಿಮಾನ ನಿಲ್ದಾಣಗಳಲ್ಲಿ ಇದನ್ನು ಕೈಯಲ್ಲಿ ಹಿಡಿದು ನಿಂತಿದ್ದೇನೋ, ಇವತ್ತು ಮೊದಲ ಸಲ ಓದಿದೆ.

ಕರಾವಳಿ ಓದುಗಿ:
ಮೇಷ್ಟ್ರೇ, ನೀವು ಹೇಳಿದ ಮೇಲೆ ಬೆಳಕಿಗೆ ಹಿಡಿದು ಆ ಪುಟವನ್ನು ಮತ್ತೆ ನೋಡಿದೆವು. ಅಂಚಿನಲ್ಲಿ ಅಜ್ಜ ಪೆನ್ಸಿಲಿನಲ್ಲಿ ‘ತಡೆ’ ಅಂತ ಬರೆದಿದ್ದಾರೆ. ಮಾಸಿಹೋಗಿದೆ, ಆದರೆ ಅವರದೇ ಅಕ್ಷರ. ಈಗ ಮಗಳು ಪ್ರತಿ ಪುಟದ ಅಂಚನ್ನೂ ಹುಡುಕುತ್ತಿದ್ದಾಳೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ, 4:15ರಲ್ಲಿ ‘ಪ್ರಿವೆಂಟ್’ ಪಕ್ಕದಲ್ಲಿ ‘ಮುಂದೆ ಹೋಗು’ ಅಂತ ಇದೆ. ಸರಿಯೇ?

ನಿವೃತ್ತ ಮೇಷ್ಟ್ರು:
ಸರಿ. ಲ್ಯಾಟಿನ್‌ನಲ್ಲಿ ‘ಪ್ರೇ’ ಎಂದರೆ ಮುಂಚೆ, ‘ವೆನೀರೆ’ ಎಂದರೆ ಬರುವುದು. ಸತ್ತವರಿಗಿಂತ ಮೊದಲು ನಾವು ಹೋಗುವುದಿಲ್ಲ ಎಂದು ಆ ವಾಕ್ಯದ ಅರ್ಥ. ನಿಮ್ಮಜ್ಜ ಬರೆದ ಉಳಿದ ಟಿಪ್ಪಣಿಗಳನ್ನೂ ಮಗಳ ಕೈಯಲ್ಲಿ ಇಲ್ಲಿ ಬರೆಸಿ. ನಾನು ಕಾಯುತ್ತಿರುತ್ತೇನೆ.